ಮುಂದಕ್ಕೆಳೆದ ಬಾಗಿಲು

ಹಿನಕಲ್, ಮೈಸೂರು
12 ಜನವರಿ 2025

ಅಪ್ಪ,

ಕಾಗದ ನೋಡಿ ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ನಿನಗೆ ಫೋನ್ ಮಾಡುವುದಿಲ್ಲ, ಮೆಸೇಜ್ ಹಾಕುವುದಿಲ್ಲ, ನಿನ್ನನ್ನು ಹುಡುಕಿಕೊಂಡು ಬರುವುದಿಲ್ಲ ಅಂತ ಅಮ್ಮ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಾಳೆ. ಕಾಗದದ ಮಾತು ಆಣೆಯಲ್ಲಿ ಬರಲಿಲ್ಲ. ಈ ಕಾಲದಲ್ಲೂ ಯಾರಾದರೂ ಅಂಚೆಯಲ್ಲಿ ಬರೆಯುತ್ತಾರೆ ಅಂತ ಅವಳಿಗೆ ಹೊಳೆದಿರಲಿಕ್ಕಿಲ್ಲ. ರಿಂಗ್ ರೋಡಿನ ಬಸ್ಸು ಹತ್ತಿದರೆ ನೀನಿರುವ ಮೇಟಗಳ್ಳಿ ಎಷ್ಟು ದೂರ ಹೇಳು. ಆದರೂ ಸ್ಟಾಂಪ್ ಹಚ್ಚಿ ಡಬ್ಬಕ್ಕೆ ಹಾಕುತ್ತಿದ್ದೇನೆ.

ನೀನು ನಿಮ್ಮ ಫ್ಯಾಕ್ಟರಿ ಕ್ಯಾಂಟೀನಿನ ಪುಟ್ಟಬಸಮ್ಮನವರ ಮನೆ ಸೇರಿ ಬರುವ ಯುಗಾದಿಗೆ ಒಂದು ವರ್ಷ. ಹೊರಟ ದಿನ ಅಮ್ಮ ಬೀದಿಗೆಲ್ಲ ಕೇಳುವ ಹಾಗೆ "ನನ್ ಪಾಲಿಗೆ ಅವ್ನು ಸತ್ತ ಕಣತ್ತೆ" ಅಂದವಳು ಆಮೇಲೆ ನಿನ್ನ ಹೆಸರೆತ್ತಿಲ್ಲ. ನಿನ್ನ ಹಿಂದೆ ಬರದೆ ಸೊಸೆಯ ಹತ್ತಿರವೇ ಉಳಿದ ಅಜ್ಜಿಯೂ ಎತ್ತುವುದಿಲ್ಲ. ಊಟಕ್ಕೆ ಕೂತಾಗ ಮೂವರೂ ಟಿವಿ ನೋಡುತ್ತೇವೆ. ಯಾವ ಧಾರಾವಾಹಿ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿರುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಶಿಲ್ಪಕಲೆಯಲ್ಲಿ ನನ್ನದು ಕೊನೆಯ ವರ್ಷ. ಮಣ್ಣಿನಲ್ಲಿ ಒಂದು ತಲೆ ಮಾಡಬೇಕಿತ್ತು, ನಿನ್ನದನ್ನು ಹಿಡಿದೆ. ಮೂಗು ಬಂತು, ಹಣೆ ಬಂತು, ಕಿವಿ ಹೇಗಿತ್ತು ಅಂತ ನೆನಪಾಗಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅಪ್ಪನ ಕಿವಿ ನೋಡಿಕೊಳ್ಳಲಿಲ್ಲವಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು. ಗೋಡೆಯ ಫೋಟೋಗಳನ್ನು ಅಮ್ಮ ಎಲ್ಲಿಟ್ಟಳೋ ತಿಳಿಯದು. ನನ್ನ ಮೊಬೈಲಿನಲ್ಲಿದ್ದವನ್ನು ಪಕ್ಕದಲ್ಲೇ ಕೂತು ಅಳಿಸಿದ್ದಾಳೆ. ಒಂದು ಫೋಟೋ ಕಳಿಸು. ಕಾಲೇಜಿನ ವಿಳಾಸ ಹಿಂದೆ ಬರೆದಿದ್ದೇನೆ, ಮನೆಗೆ ಹಾಕಬೇಡ.

ನಿನ್ನ ಮೇಲೆ ನನಗೆ ಕೋಪವಿದೆ. ಅದನ್ನು ಬರೆಯದೆ ಬಿಟ್ಟರೆ ಈ ಕಾಗದ ಸುಳ್ಳಾಗುತ್ತದೆ. ಕೋಪ ಇದ್ದುಕೊಂಡೇ ನಿನ್ನ ನೆನಪೂ ಬರುತ್ತದೆ.

ಸಿಂಚನ


ಮೇಟಗಳ್ಳಿ
2 ಫೆಬ್ರವರಿ 2025

ಮಗ ಸಿಂಚು,

ನಿನ್ನ ಕಾಗದ ತಲುಪಿ ಬಹಳ ದಿನವಾಯಿತು. ದಿನವೂ ಪೆನ್ನು ಹಿಡಿದು ಕೂರುತ್ತೇನೆ, 'ಮಗ ಸಿಂಚು' ಅಂತ ಬರೆದು ಮುಂದೆ ಏನು ಅಂತ ತಿಳಿಯದೆ ಮಡಿಚಿಡುತ್ತೇನೆ. ನಾನು ಕೊನೆಯ ಸಲ ಕಾಗದ ಬರೆದದ್ದು ನಿಮ್ಮಮ್ಮನಿಗೆ, ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ. ಆಗಲೂ ಎರಡು ಸಾಲಿನ ಮೇಲೆ ಹೋಗುತ್ತಿರಲಿಲ್ಲ.

ಫೋಟೋ ಇಟ್ಟಿದ್ದೇನೆ. ಫ್ಯಾಕ್ಟರಿಯ ಗುರುತಿನ ಚೀಟಿಗೆ ತೆಗೆಸಿದ್ದು, ಕಿವಿ ಎರಡೂ ಕಾಣುತ್ತವೆ. ಮುಖ ಸ್ವಲ್ಪ ಇಳಿದಿದೆ ಅಂತ ಅಂದುಕೊಳ್ಳಬೇಡ, ಸ್ಟುಡಿಯೋದವನ ಲೈಟು ಹಾಗೆ.

ಅವ್ವನ ಮಂಡಿನೋವು ಹೇಗಿದೆ? ಮಾರ್ಲಾಮಿಗೆ ನಿಮ್ಮ ತಾತನಿಗೆ ಎಡೆ ಇಟ್ಟಿರಾ? ಅವರಿಗೆ ಮಗ ಅಂತ ಇರುವುದು ನಾನೊಬ್ಬ. ಹಿರಿಯರ ಆ ಅಮಾವಾಸ್ಯೆಯ ದಿನ ನಾನು ಬೇರೆಯವರ ಶಿಫ್ಟನ್ನೂ ಕೇಳಿ ಹಾಕಿಸಿಕೊಂಡೆ. ಸುಮ್ಮನೆ ಕೂತಿದ್ದರೆ ಆಗುತ್ತಿರಲಿಲ್ಲ.

ನಾನು ಮಾಡಿದ್ದಕ್ಕೆ ಸಮಜಾಯಿಷಿ ಬರೆಯುವುದಿಲ್ಲ. ಬರೆದರೂ ನೀನು ನಂಬಬೇಡ. ಆದರೆ ಕಾಗದ ಮಾತ್ರ ನಿಲ್ಲಿಸಬೇಡ.

ನಿನ್ನ ಅಪ್ಪ
ಸಿದ್ದರಾಜು


ಹಿನಕಲ್
16 ಫೆಬ್ರವರಿ 2025

ಅಪ್ಪ,

ಫೋಟೋ ಬಂತು, ಕಿವಿ ಸಿಕ್ಕಿತು, ತಲೆ ಮುಗಿಯಿತು. ನಮ್ಮ ವಾಗೀಶ ಸರ್ ಅದರ ಸುತ್ತ ಒಂದು ಸುತ್ತು ಬಂದು, ಮುಂದಗಡೆ ನಿಮ್ಮಪ್ಪ ಸರಿ, ಹಿಂದಗಡೆ ಯಾರು ಅಂತ ಕೇಳಿದರು. ಫೋಟೋಗೆ ಹಿಂಬದಿ ಎಲ್ಲಿಂದ ತರಲಿ? ತಮಾಷೆ ಏನೆಂದರೆ ನನಗೆ ಚೆನ್ನಾಗಿ ನೆನಪಿರುವುದು ನಿನ್ನ ಹಿಂಬದಿಯೇ. ಟಿವಿಎಸ್‌ನಲ್ಲಿ ಹಿಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದೆಯಲ್ಲ, ಆ ಬೆನ್ನು, ಕುತ್ತಿಗೆಯ ಹತ್ತಿರ ಮಾಸಿದ ಕಾಲರ್, ಸೋಪಿನ ವಾಸನೆ. ಇವನ್ನು ಮಣ್ಣಿನಲ್ಲಿ ಮಾಡಲು ಬರುವುದಿಲ್ಲ. ತಲೆಯನ್ನು ಒಡೆದು ನೀರು ಹಾಕಿ ಮತ್ತೆ ಮಣ್ಣಿನ ತೊಟ್ಟಿಗೆ ಸೇರಿಸಿದೆ. ಬೇಜಾರು ಮಾಡಿಕೊಳ್ಳಬೇಡ.

ಕೊನೆಯ ಪ್ರದರ್ಶನಕ್ಕೆ ಸರ್ ಒಂದು ಕೆಲಸ ಕೊಟ್ಟಿದ್ದಾರೆ. ಒಬ್ಬ ಮನುಷ್ಯನನ್ನು ಮಾಡಬೇಕು, ಮನುಷ್ಯ ಕಾಣಬಾರದು. ಇದಕ್ಕೆ ಇನ್‌ಸ್ಟಲೇಶನ್ ಅನ್ನುತ್ತಾರೆ. ಮೂರ್ತಿಯಾದರೆ ಜನ ಸುತ್ತ ಬಂದು ನೋಡುತ್ತಾರೆ. ಇದರಲ್ಲಿ ಒಂದು ಕೋಣೆಯನ್ನೇ ಮಾಡಬೇಕು, ಜನ ಅದರ ಒಳಗೆ ಬರಬೇಕು. ಯಾರನ್ನು ಮಾಡುತ್ತೀಯ ಅಂತ ಕೇಳಿದರು. ನನಗೆ ಇನ್ಯಾರಿದ್ದಾರೆ.

ಅಟ್ಟದ ಮೇಲೆ ಅಮ್ಮ ಒಂದು ಗೋಣಿಚೀಲ ಕಟ್ಟಿ ಎಸೆದಿದ್ದಳು. ಅವಳಿಲ್ಲದಾಗ ಇಳಿಸಿದೆ. ನಿನ್ನ ಅಂಗಿಗಳು, ಚಪ್ಪಲಿ, ಗಡ್ಡ ಕೆರೆಯುವ ಕನ್ನಡಿ, ಊಟದ ಕ್ಯಾರಿಯರ್. ಎಸೆಯಬೇಕು ಅಂತ ಕಟ್ಟಿದ ಚೀಲದೊಳಗೆ ನುಸಿಗುಳಿಗೆ ಹಾಕಿಟ್ಟಿದ್ದಾಳೆ ನೋಡು. ಇವುಗಳಲ್ಲಿ ನಿನಗೆ ಯಾವುದು ಇಷ್ಟವಿತ್ತು, ಏನು ಉಣ್ಣಲು ಆಸೆ, ಹೇಗೆ ಕೂರುತ್ತಿದ್ದೆ, ಎಲ್ಲ ಬರೆ. ನನಗೆ ಗೊತ್ತಿರುವುದು ಸರಿಯೋ ತಪ್ಪೋ ತಿಳಿಯಬೇಕು.

ಎಡೆಯ ವಿಚಾರ ಕೇಳಿದ್ದೆ. ಇಟ್ಟೆವು. ಅಜ್ಜಿಯೇ ಮುಂದೆ ಕೂತಳು. ತಾತನಿಗೆ ಹೊಸ ಪಂಚೆ, ಬಾಳೆಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ದೀಪ. ತಾತ ಬಂದು ಉಣ್ಣಲಿ ಅಂತ ಬಾಗಿಲು ಮುಂದಕ್ಕೆಳೆದು ಎಲ್ಲರೂ ಆಚೆ ನಿಲ್ಲುತ್ತೇವಲ್ಲ, ಎಳೆಯುವವನು ಯಾವಾಗಲೂ ನೀನು. ಈ ಸಲ ನಾನು ಎಳೆದೆ. ಎಷ್ಟು ಹೊತ್ತು ಬಿಟ್ಟು ತಟ್ಟಬೇಕು ಅಂತ ನನಗೆ ಗೊತ್ತಿರಲಿಲ್ಲ. ಅಜ್ಜಿಯನ್ನು ಕೇಳಿದರೆ ಅವಳು ಗೋಡೆ ಕಡೆ ತಿರುಗಿಕೊಂಡು ಅಳುತ್ತಿದ್ದಳು.

ಸಿಂಚನ


ಮೇಟಗಳ್ಳಿ
9 ಮಾರ್ಚ್ 2025

ಮಗ ಸಿಂಚು,

ನನ್ನಂಥವನನ್ನು ಕೋಣೆ ಮಾಡಿ ಜನಕ್ಕೆ ತೋರಿಸಿದರೆ ನಿನಗೆ ಯಾರು ಮಾರ್ಕ್ಸ್ ಕೊಡುತ್ತಾರೆ ಅಂತ ನಗು ಬಂತು. ಕೇಳಿದ್ದೀಯ, ಬರೆಯುತ್ತೇನೆ.

ಚೀಲದಲ್ಲಿ ಆಕಾಶ ಬಣ್ಣದ ಚೌಕುಳಿ ಅಂಗಿ ಇರಬೇಕು. ನಿಮ್ಮಮ್ಮ ದಸರಾದಲ್ಲಿ ತೆಗೆದುಕೊಟ್ಟದ್ದು. ಮರೆತು ಬಿಟ್ಟು ಬಂದದ್ದಲ್ಲ. ಅದನ್ನು ಹಾಕಿಕೊಂಡು ಇನ್ನೊಂದು ಮನೆಗೆ ಹೋಗಲು ಮನಸ್ಸು ಒಪ್ಪಲಿಲ್ಲ. ಊಟಕ್ಕೆ ನನಗೆ ಬಾಡಿಗಿಂತ ಹುರುಳಿಕಾಳಿನ ಬಸ್ಸಾರು, ಮುದ್ದೆ, ಕಚ್ಚಿಕೊಳ್ಳಲು ಹಸಿ ಈರುಳ್ಳಿ. ಕೂರುತ್ತಿದ್ದದ್ದು ವೈರ್ ಹೆಣೆದ ಕುರ್ಚಿಯಲ್ಲಿ, ಎಡಗಾಲು ಮಡಿಚಿ ಮೇಲಿಟ್ಟುಕೊಂಡು. ನಿಮ್ಮಮ್ಮ ಕಾಲು ಇಳಿಸಿ ಅನ್ನುವಳು, ಇಳಿಸುತ್ತಿದ್ದೆ, ಅವಳು ಒಳಗೆ ಹೋದ ಮೇಲೆ ಮತ್ತೆ ಇಟ್ಟುಕೊಳ್ಳುತ್ತಿದ್ದೆ.

ಇಲ್ಲಿಯವರು ಒಳ್ಳೆಯವರು, ಅವರ ಬಗ್ಗೆ ಕೆಟ್ಟ ಮಾತು ಬರೆಯಲಾರೆ. ಅವರೂ ಒಂಟಿಯಾಗಿ ಬಹಳ ಅನುಭವಿಸಿದವರು. ಆದರೆ ಸಂಜೆ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ದಿನಾ ಒಂದು ಗಳಿಗೆ ಯಾರ ಮನೆಗೆ ಬಂದೆ ಅನ್ನಿಸುತ್ತದೆ. ಇಲ್ಲಿ ಕಾಲು ಇಳಿಸಿ ಅನ್ನುವವರಿಲ್ಲ. ಹಾಗೆಂದು ಇಲ್ಲಿ ನಾನು ಕಾಲು ಮೇಲಿಟ್ಟುಕೊಂಡು ಕೂತೂ ಇಲ್ಲ.

ಬಿಸಿಲು ಜಾಸ್ತಿಯಾಗಿದೆ, ಛತ್ರಿ ಹಿಡಿದು ಓಡಾಡು.

ನಿನ್ನ ಅಪ್ಪ
ಸಿದ್ದರಾಜು


ಹಿನಕಲ್
11 ಮೇ 2025

ಅಪ್ಪ,

ಇಷ್ಟು ದಿನ ಬರೆಯಲಿಲ್ಲ, ಉಸಿರಾಡಲು ಪುರುಸೊತ್ತಿರಲಿಲ್ಲ. ಲಕ್ಷ್ಮೀಪುರಂನಲ್ಲಿ ಒಂದು ಹಳೆಯ ಮನೆಯನ್ನು ನಮ್ಮ ಪ್ರದರ್ಶನಕ್ಕೆ ಬಿಟ್ಟುಕೊಟ್ಟಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಗಾಳಿ ಬೆಳಕಿರುವುದನ್ನೆಲ್ಲ ಬಾಯಿ ಇರುವವರು ಹಿಡಿದುಕೊಂಡರು. ನನಗೆ ಉಳಿದದ್ದು ಹಿಂದಿನ ಕತ್ತಲೆ ಕೋಣೆ. ಅದಕ್ಕೆ ಎರಡು ಬಾಗಿಲು, ಹಿತ್ತಲ ಬಾಗಿಲಿನ ಚಿಲಕ ಬೀಳುವುದಿಲ್ಲ. ಈಗ ನೋಡಿದರೆ ಆ ಕೋಣೆಯೇ ಸರಿ ಅನ್ನಿಸುತ್ತದೆ.

ನೀನು ಬರಬೇಕು, ಆದರೂ ಹೇಳಿಬಿಡುತ್ತೇನೆ. ಚೌಕುಳಿ ಅಂಗಿಯನ್ನು ಸಣ್ಣ ನೈಲಾನ್ ದಾರದಲ್ಲಿ ನಿನ್ನ ಎತ್ತರಕ್ಕೆ ತೂಗುಹಾಕಿದ್ದೇನೆ, ಬೆನ್ನು ಬಾಗಿಲ ಕಡೆಗೆ. ಒಳಗೆ ಬಂದವರಿಗೆ ಮೊದಲು ಕಾಣುವುದು ನಿನ್ನ ಬೆನ್ನು. ಅದರ ಮುಂದೆ ವೈರ್ ಕುರ್ಚಿ. ಕುರ್ಚಿಯ ಮುಂದೆ ನೆಲದ ಮೇಲೆ ಬಾಳೆಎಲೆ, ಅದರಲ್ಲಿ ಮುದ್ದೆ, ಸಾರಿನ ಬಟ್ಟಲು, ಈರುಳ್ಳಿ, ಎಲ್ಲ ಮಣ್ಣಿನಲ್ಲಿ ಮಾಡಿ ಸುಟ್ಟದ್ದು. ನಿನ್ನ ಪಂಚೆಗಳನ್ನು ಅಮ್ಮ ನೆಲ ಒರೆಸಲು ಹರಿದಿದ್ದಾಳೆ, ಅದಕ್ಕೆ ಹೊಸದು ತಂದು ಮಡಿಕೆ ಬಿಚ್ಚದೆ ಪಕ್ಕಕ್ಕಿಟ್ಟೆ. ಬಲ್ಬು ಹಾಕಿದರೆ ಅಂಗಡಿಯ ಹಾಗೆ ಕಾಣುತ್ತಿತ್ತು, ತೆಗೆದು ದೀಪ ಇಟ್ಟೆ. ಒಬ್ಬೊಬ್ಬರೇ ಒಳಗೆ ಹೋಗಬೇಕು, ಹೋದ ಮೇಲೆ ಬಾಗಿಲು ಮುಂದಕ್ಕೆಳೆಯಬೇಕು.

ಎಲ್ಲಿ ಏನಿಡಬೇಕು ಅಂತ ತಲೆ ಕೆಡಿಸಿಕೊಳ್ಳಲೇ ಇಲ್ಲ, ಕೈಗೆ ತಾನಾಗಿ ಬಂತು. ಇಷ್ಟು ಅಚ್ಚುಕಟ್ಟಾಗಿ ಇಡುವುದನ್ನು ಎಲ್ಲಿ ಕಲಿತೆ ಅಂತ ಸರ್ ಕೇಳಿದರು. ಗೊತ್ತಿಲ್ಲ ಸರ್ ಅಂದೆ. ನಿಜವಾಗಿಯೂ ಗೊತ್ತಿಲ್ಲ.

ಕೆಲಸ ಮುಗಿಸಿ ಒಬ್ಬಳೇ ಅಲ್ಲಿ ಕೂತಿದ್ದೆ. ಅಂಗಿ ಗಾಳಿಗೆ ಸ್ವಲ್ಪ ತಿರುಗಿತು. ಅಪ್ಪ ಅಂತ ಕರೆದುಬಿಟ್ಟೆ. ಯಾರೂ ಇರಲಿಲ್ಲವಾದ್ದರಿಂದ ನಾಚಿಕೆಯೂ ಆಗಲಿಲ್ಲ.

ಇದೇ 24ರಿಂದ ಜೂನ್ 1ರ ಭಾನುವಾರದವರೆಗೆ ಇರುತ್ತದೆ. ಬಾ. ನೋಡಿಕೊಂಡು ಹೋಗು ಅಂತ ನಾನು ಬರೆಯುತ್ತಿಲ್ಲ. ನೋಡಿ, ಅಲ್ಲಿಂದ ನನ್ನ ಜೊತೆ ಮನೆಗೆ ಬಾ ಅಂತ ಬರೆಯುತ್ತಿದ್ದೇನೆ. ಅಮ್ಮನಿಗೆ ನಾನು ಹೇಳುತ್ತೇನೆ.

ಸಿಂಚನ


ಮೇಟಗಳ್ಳಿ
19 ಮೇ 2025

ಮಗ ಸಿಂಚು,

ಆ ವಾರ ರಜೆ ಸಿಗುವುದು ಕಷ್ಟ. ಸಿಕ್ಕರೂ ಬರುವುದು ಚೆನ್ನಾಗಿರುವುದಿಲ್ಲ. ನಿಮ್ಮ ಸರ್ ಇರುತ್ತಾರೆ, ನಿನ್ನ ಸ್ನೇಹಿತರಿರುತ್ತಾರೆ, ಇವರೇ ಆ ಅಪ್ಪ ಅಂತ ನೀನು ತೋರಿಸಬೇಕಾಗುತ್ತದೆ. ಫೋಟೋ ತೆಗೆದಿಟ್ಟುಕೋ, ಮುಂದೆ ಯಾವಾಗಲಾದರೂ ನೋಡುತ್ತೇನೆ.

ಮನೆಯ ಮಾತಿಗೆ ಏನು ಬರೆಯಲಿ ಮಗ. ಒಳ್ಳೆಯದಾಗಲಿ.

ನಿನ್ನ ಅಪ್ಪ
ಸಿದ್ದರಾಜು


ಹಿನಕಲ್
27 ಮೇ 2025

ಅಪ್ಪ,

ಇದನ್ನು ಅಂಚೆಗೆ ಹಾಕಿ ಕಾಯುವಷ್ಟು ಸಮಯವಿಲ್ಲ. ನಿನ್ನ ಫ್ಯಾಕ್ಟರಿಯ ಗೇಟಿನಲ್ಲಿ ಕೊಟ್ಟು ಬರುತ್ತೇನೆ. ಗೇಟಿನಿಂದ ಒಳಕ್ಕೆ ಬರುವುದಿಲ್ಲ, ಆಣೆ ಮುರಿಯುವುದಿಲ್ಲ.

ನಿನ್ನೆ ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ನನ್ನ ಕೋಣೆ ತೋರಿಸಿದೆ. ಮೊಮ್ಮಗಳು ಏನು ಮಾಡಿದ್ದಾಳೆ ನೋಡಬೇಕು ಅಂತ ಅವಳೇ ಹಠ ಮಾಡಿದ್ದಳು. ಒಳಗೆ ಬಿಟ್ಟು ಬಾಗಿಲು ಮುಂದಕ್ಕೆಳೆದೆ. ಆಮೇಲೆ ಒಳಗಿಂದ ಬಾಗಿಲು ಬಡಿಯತೊಡಗಿದಳು. ತೆಗೆದರೆ ಹೊಸ ಪಂಚೆ ಎದೆಗೆ ಅವಚಿಕೊಂಡು ನಿಂತಿದ್ದಾಳೆ. "ಬದುಕಿರೋ ಮಗನಿಗೆ ಎಡೆ ಇಟ್ಬುಟ್ಟಲ್ಲವ್ವ" ಅಂದಳು.

ಅಪ್ಪ, ಆಗ ನೋಡಿದೆ. ಹೊಸ ಪಂಚೆ, ಎಲೆ, ಇಷ್ಟದ ಊಟ, ದೀಪ, ಮುಂದಕ್ಕೆಳೆದ ಬಾಗಿಲು. ಒಂದೂ ಬಿಟ್ಟಿಲ್ಲ. ವರ್ಷ ವರ್ಷ ನೋಡಿದ್ದನ್ನೇ ನನ್ನ ಕೈ ಇಟ್ಟಿದೆ, ನನಗೆ ತಿಳಿಯಲೇ ಇಲ್ಲ. ಸರ್‌ಗೂ ತಿಳಿಯಲಿಲ್ಲ, ಅವರ ಮನೆಯಲ್ಲಿ ಈ ಪದ್ಧತಿ ಇಲ್ಲ. ನಾನು ಕಲೆ ಅಂದುಕೊಂಡು ನಿನ್ನನ್ನು ಹಿರಿಯರ ಸಾಲಿಗೆ ಸೇರಿಸಿಬಿಟ್ಟೆ.

ಅಜ್ಜಿ ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ, ಬರೀ ನೀರು. ನಿನಗೆ ಏನೋ ಆಗುತ್ತದೆ ಅಂತ ಅವಳಿಗೆ ಖಾತ್ರಿಯಾಗಿದೆ. ಅದು ಬರೀ ಕಾಲೇಜಿನ ಕೆಲಸ ಅಂದರೆ ಕೇಳುವುದಿಲ್ಲ. ಅಮ್ಮನಿಗೆ ಎಲ್ಲ ಹೇಳಬೇಕಾಯಿತು, ಕಾಗದದ ವಿಚಾರ ಸಮೇತ. ಬೈಯುತ್ತಾಳೆ ಅಂದುಕೊಂಡೆ. ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಸತ್ತ ಅಂತ ಮೊದಲು ಬಾಯಲ್ಲಿ ಅಂದೋಳು ನಾನು" ಅಂದಳು.

ಅಜ್ಜಿ ಇವತ್ತು ಬೆಳಿಗ್ಗೆ ತಾನೇ ಒಂದು ದಾರಿ ಹುಡುಕಿದ್ದಾಳೆ. "ಇಟ್ಟ ಎಡೇನ ಅವ್ನೇ ಬಂದು ಉಂಡೋಗ್ಲಿ, ಅಲ್ಲಿಗೆ ಸರಿಯಾಯ್ತದೆ" ಅನ್ನುತ್ತಾಳೆ. ಇಂಥ ಶಾಸ್ತ್ರ ಎಲ್ಲೂ ಇಲ್ಲ, ಅವಳೇ ಮಾಡಿದ್ದು. ಆದರೆ ನೀನು ಉಣ್ಣದೆ ಅವಳು ಉಣ್ಣುವುದಿಲ್ಲ. ಅಮ್ಮನ ಷರತ್ತು ಒಂದೇ, ನಿನ್ನ ಮುಖ ಅವಳು ನೋಡಬಾರದು. ಭಾನುವಾರ ಮಧ್ಯಾಹ್ನ, ಪ್ರದರ್ಶನ ಮುಚ್ಚಿದ ಮೇಲೆ, ನೀನು ಹಿತ್ತಲ ಬಾಗಿಲಿಂದ ಒಳಗೆ ಬಾ. ನಾವು ಈಚೆ ಬಾಗಿಲ ಹೊರಗಿರುತ್ತೇವೆ. ಬರುತ್ತೀಯ ಅಂತ ಗೇಟಿನಲ್ಲಿ ಒಂದು ಚೀಟಿ ಬರೆದಿಡು, ನಾಳೆ ಬಂದು ತೆಗೆದುಕೊಳ್ಳುತ್ತೇನೆ. ಅದನ್ನು ತೋರಿಸಿದರೆ ಅಜ್ಜಿ ಗಂಜಿಯನ್ನಾದರೂ ಕುಡಿದಾಳು.

ಅಮ್ಮ ಈಗ ಮೊರದಲ್ಲಿ ಹುರುಳಿಕಾಳು ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದಾಳೆ.

ಸಿಂಚನ


ಮೇಟಗಳ್ಳಿ
4 ಜೂನ್ 2025

ಮಗ ಸಿಂಚು,

ನೀನು ನನ್ನ ಮೇಲೆ ಕೋಪಿಸಿಕೊಂಡಿರುತ್ತೀಯ. ಅಂದು ಏನಾಯಿತು ಅಂತ ಬರೆದುಬಿಡುತ್ತೇನೆ, ಆಮೇಲೆ ಬೇಕಾದರೆ ಬೈ.

ಹಿತ್ತಲಿಂದ ಬಂದೆ. ಮಣ್ಣಿನ ಮುದ್ದೆ ತೆಗೆದು ನಿಜವಾದ ಊಟ ಬಡಿಸಿಟ್ಟಿದ್ದಿರಿ, ಇನ್ನೂ ಹಬೆಯಾಡುತ್ತಿತ್ತು. ಮೊದಲು ಅಂಗಿ ಕಂಡಿತು. ಹಿತ್ತಲ ಕಡೆಯಿಂದ ಬಂದವನಿಗೆ ಬೆನ್ನಲ್ಲ, ಎದೆಯ ಕಡೆ ಕಾಣಿಸುತ್ತದೆ ನೋಡು. ನನ್ನನ್ನೇ ನಾನು ಎದುರಿಗೆ ನೋಡಿದ ಹಾಗಾಗಿ ಸ್ವಲ್ಪ ಹೊತ್ತು ನಿಂತೇ ಇದ್ದೆ. ನೀನು ದೊಡ್ಡ ಕೆಲಸ ಮಾಡಿದ್ದೀಯ ಮಗ. ನನಗೆ ಹೇಳಲು ಬರುವುದಿಲ್ಲ.

ಕೂತು ಉಂಡೆ. ಬಾಗಿಲಿನ ಆಚೆ ನೀವು ಮೂವರು, ಈಚೆ ನಾನು. ಅವ್ವ ಕೆಮ್ಮಿದ್ದು ಕೇಳಿಸಿತು. ನೀನು ಅವಳಿಗೆ ಕುರ್ಚಿ ಎಳೆದುಕೊಟ್ಟದ್ದು ಕೇಳಿಸಿತು. ನಿಮ್ಮಮ್ಮ ಕುಸುಮ ಮೆಲ್ಲಗೆ, ಉಪ್ಪು ಸರಿಯಾಗಿದೆಯೋ ಏನೋ ಅಂದದ್ದೂ ಕೇಳಿಸಿತು. ನನ್ನಪ್ಪನೂ ಮಾರ್ಲಾಮಿಯ ದಿನ ಹೀಗೇ ಕೂತು ನಮ್ಮೆಲ್ಲರ ಧ್ವನಿ ಕೇಳಿಸಿಕೊಂಡು ಹೋಗುತ್ತಾರೇನೋ ಅಂತ ಯೋಚನೆ ಬಂತು. ಅಳು ಬಂತು. ಅತ್ತೆ. ಎಲೆಯಲ್ಲಿ ಏನೂ ಬಿಡಲಿಲ್ಲ.

ನೀನು ತಟ್ಟುವ ತನಕ ಕೂತಿದ್ದರೆ ನಿನ್ನ ಮುಖ ನೋಡಬಹುದಿತ್ತು. ನೋಡಿದ್ದರೆ ಎದ್ದು ಬರಲು ಆಗುತ್ತಿರಲಿಲ್ಲ. ಮನೆಗೆ ಬಾ ಅಂತ ನೀನು ಕರೆದೆ, ಕುಸುಮ ಕರೆಯಲಿಲ್ಲ. ಕರೆಯಬೇಕು ಅಂತ ಕೇಳುವ ಯೋಗ್ಯತೆ ನನಗಿಲ್ಲ. ಇಲ್ಲಿಯವರನ್ನೂ ಒಂದು ದಿನ ಹೀಗೇ ಬಿಟ್ಟು ಹೊರಟರೆ, ನಿಮಗೆ ಮಾಡಿದ್ದನ್ನೇ ಇನ್ನೊಬ್ಬರಿಗೂ ಮಾಡಿದ ಹಾಗಾಗುತ್ತದೆ. ಅದಕ್ಕೇ ತಟ್ಟುವ ಮೊದಲೇ ಎದ್ದೆ.

ಚೌಕುಳಿ ಅಂಗಿಯನ್ನು ಹಾಕಿಕೊಂಡು ಬಂದಿದ್ದೇನೆ. ಹೊಟ್ಟೆಯ ಹತ್ತಿರ ಗುಂಡಿ ಸೇರುವುದಿಲ್ಲ. ಆ ಜಾಗ ಖಾಲಿ ಬಿಡಲು ಮನಸ್ಸಾಗದೆ ನನ್ನ ಮೈಮೇಲಿದ್ದ ಅಂಗಿಯನ್ನು ಅಲ್ಲಿಗೆ ಹಾಕಿದೆ. ನಿನ್ನ ಕೆಲಸ ಕೆಟ್ಟಿದ್ದರೆ ಕ್ಷಮಿಸು.

ಉಪ್ಪು ಸರಿಯಾಗಿತ್ತು ಅಂತ ಹೇಳು.

ನಿನ್ನ ಅಪ್ಪ
ಸಿದ್ದರಾಜು


ಹಿನಕಲ್
15 ಜೂನ್ 2025

ಅಪ್ಪ,

ಬೈಯಬೇಕು ಅಂತಲೇ ಕೂತೆ, ಬರುತ್ತಿಲ್ಲ. ಆ ದಿನ ತಾತನ ಎಡೆಗಿಂತ ಹೆಚ್ಚು ಹೊತ್ತು ಬಿಟ್ಟು ತಟ್ಟಿದೆ, ನೀನು ನಿಧಾನವಾಗಿ ಉಣ್ಣಲಿ ಅಂತ. ಮೂರು ಸಲ ತಟ್ಟಿ ತೆಗೆದೆ. ಪ್ರತಿ ವರ್ಷ ಬಾಗಿಲು ತೆಗೆದರೆ ಎಲೆಯ ಮೇಲೆ ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು. ಈ ಸಲ ಎಲೆ ಬರಿದಾಗಿತ್ತು, ಹಿತ್ತಲ ಬಾಗಿಲು ಅರ್ಧ ತೆರೆದಿತ್ತು. ನಾನು ಹಿತ್ತಲಿಗೆ ಓಡಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಒಂದು ವರ್ಷದ ಮೇಲೆ ನಿನ್ನ ಬೆನ್ನಾದರೂ ಕಾಣುತ್ತದೆ ಅಂದುಕೊಂಡಿದ್ದೆ.

ನಿನ್ನ ಚೀಟಿ ನೋಡಿದಾಗಿನಿಂದ ಬರೀ ಗಂಜಿಯಲ್ಲಿದ್ದ ಅಜ್ಜಿ ಬರಿದಾದ ಎಲೆ ನೋಡಿ, ಅಲ್ಲೇ ಕೂತು ಕ್ಯಾರಿಯರಿನಲ್ಲಿ ಉಳಿದದ್ದನ್ನು ಉಂಡಳು. ಅವಳಿಗೆ ಅಷ್ಟು ಸಾಕಾಯಿತು. ಸರ್ ಸಂಜೆ ಬಂದು, ಅಂಗಿ ಬದಲಾಗಿದೆಯಲ್ಲ ಅಂದರು. ಹೌದು ಸರ್, ಈಗ ಮುಗಿಯಿತು ಅಂದೆ. ಮಾರ್ಕ್ಸ್ ಇನ್ನೂ ತಿಳಿದಿಲ್ಲ.

ಉಪ್ಪಿನ ವಿಚಾರ ಅಮ್ಮನಿಗೆ ಹೇಳಿದೆ. "ನಾನು ಯಾರ್ನ ಕೇಳ್ದೆ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, ಈರುಳ್ಳಿ ತಿಂದಿದ್ದರಾ ಅಂತ ಕೇಳಿದಳು.

ನೀನು ಬಿಟ್ಟು ಹೋದ ಅಂಗಿಯನ್ನು ಅಮ್ಮನೇ ದಾರದಿಂದ ಬಿಡಿಸಿ ಮನೆಗೆ ತಂದಳು. ಇದ್ಯಾವ ಸೋಪು ಹಾಕುತ್ತಾರೋ ಅಂತ ಗೊಣಗಿದಳು. ಬಿಳಿ ಅಂಗಿಗೆ ಯಾರೋ ಕೆಂಪು ದಾರದಲ್ಲಿ ಗುಂಡಿ ಹೊಲಿದಿದ್ದಾರೆ, ಬಿಚ್ಚಿ ಸರಿಯಾಗಿ ಹೊಲಿಯಬೇಕು ಅಂದಳು. ಸೂಜಿ ತಂದು ಮುಂದೆ ಇಟ್ಟುಕೊಂಡು ಕೂತಿದ್ದಳು, ಕೊನೆಗೆ ಹೊಲಿಯದೆ ಎದ್ದಳು. ಇನ್ನೊಬ್ಬಳ ಹೊಲಿಗೆ ಬಿಚ್ಚಲು ಕೈ ಬರಲಿಲ್ಲವೇನೋ, ನಾನು ಕೇಳಲಿಲ್ಲ. ಒಗೆದು ಮನೆ ಮುಂದಿನ ತಂತಿಯ ಮೇಲೆ, ಬೀದಿಗೆ ಕಾಣುವ ಹಾಗೆ ಒಣಹಾಕಿದಳು.

ಅದು ಒಣಗಿ ಬಹಳ ದಿನವಾಯಿತು. ಸಂಜೆ ಅಮ್ಮ ಉಳಿದ ಬಟ್ಟೆಗಳನ್ನೆಲ್ಲ ತೆಗೆದುಕೊಂಡು ಅದೊಂದನ್ನು ಬಿಟ್ಟು ಒಳಗೆ ಬರುತ್ತಾಳೆ. ಅಜ್ಜಿಯೂ ಮುಟ್ಟುವುದಿಲ್ಲ, ನಾನೂ ಮುಟ್ಟುವುದಿಲ್ಲ. ಮೊನ್ನೆ ಮಳೆ ಬಂದು ನೆನೆಯಿತು. ಈಗ ಮತ್ತೆ ಒಣಗಿದೆ.

ಸಿಂಚನ